ಶುಗರ್ ಇದ್ದವರಿಗೆ ಯೋಗ: ನಾನು ಕಲಿಸುವ ಬಗೆ

ಮಂಗಳೂರಿನ ಮಣ್ಣಗುಡ್ಡೆಯಲ್ಲಿ ಬೆಳಗ್ಗೆ ಯೋಗ ಕಲಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರಿಗೆ ಟೈಪ್ 2 ಶುಗರ್. ಹೊಸಬರು ಬಂದರೆ ಆಸನಕ್ಕಿಂತ ಮೊದಲು ನನ್ನ ಪ್ರಶ್ನೆಗಳಿರುತ್ತವೆ. ಯಾವ ಮಾತ್ರೆ? ಇನ್ಸುಲಿನ್ ಉಂಟಾ? ಕಣ್ಣು ತೋರಿಸಿದ್ದೀರಾ? ಪಾದ ಜೋಮು ಹಿಡಿಯುತ್ತದಾ? "ನಾವು ಯೋಗಕ್ಕೆ ಬಂದದ್ದು ಮಾರಾಯ್ರೆ, ಆಸ್ಪತ್ರೆಗೆ ಅಲ್ಲ" ಎನ್ನುವವರಿದ್ದಾರೆ. ಆದರೂ ನಾನು ಬಿಡುವುದಿಲ್ಲ.

ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಹಾಗಲ್ಲ. ಖಾಲಿ ಹೊಟ್ಟೆಯಲ್ಲಿ ಮೈ ದಣಿಸಿದರೆ 70ಕ್ಕಿಂತ ಕೆಳಗೆ ಹೋಗಿಬಿಡಬಹುದು.

ಒಂದು ಮಳೆಗಾಲದ ಬೆಳಗ್ಗೆ ಬಿಜೈಯಿಂದ ಬರುವ ಅಮ್ಮ ಒಬ್ಬರು ವೀರಭದ್ರಾಸನದಲ್ಲಿ ನಿಂತಿದ್ದರು. ಗಾಳಿ ತಂಪಾಗಿತ್ತು, ಉಳಿದವರ ಮುಖ ಒಣಗಿತ್ತು. ಇವರ ಮೇಲ್ತುಟಿಯಲ್ಲಿ ಮಾತ್ರ ಬೆವರ ಹನಿ, ಚಾಚಿದ ಕೈಬೆರಳು ಸಣ್ಣಗೆ ನಡುಗುತ್ತಿತ್ತು. ಕೂಡಲೇ ಕೂರಿಸಿ ಮೀಟರ್‌ನಲ್ಲಿ ನೋಡಿದರೆ 62. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ ಮೇಲೆ ಬಿಸ್ಕತ್ತು ಕೊಟ್ಟೆ. "ನಿನ್ನೆ ಏಕಾದಶಿ ಅಲ್ವಾ ಟೀಚರ್, ರಾತ್ರಿ ಊಟ ಇಲ್ಲ. ಮಾತ್ರೆ ಮಾತ್ರ ತಪ್ಪಿಸಿಲ್ಲ" ಎಂದರು. ಉಪವಾಸದ ದಿನ ಮಾತ್ರೆ ಹೇಗೆ ಎಂಬುದನ್ನು ಅವರು ಆಮೇಲೆ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಂಡು ಬಂದರು.

ಇನ್ನು ಆಸನ. ನಿಂತು ಮಾಡುವುದಕ್ಕೇ ನಾನು ಜಾಸ್ತಿ ಸಮಯ ಕೊಡುತ್ತೇನೆ. ಉತ್ಕಟಾಸನ, ವೀರಭದ್ರಾಸನ, ನಿಧಾನವಾದ ಸೂರ್ಯ ನಮಸ್ಕಾರ. ತೊಡೆಯಲ್ಲಿರುವುದು ಮೈಯ ದೊಡ್ಡ ಸ್ನಾಯುಗಳು. ಅವು ದುಡಿಯುವಾಗ ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ತೊಡೆ ಬಿಸಿಯಾಗುವಷ್ಟು ಹೊತ್ತು ನಿಲ್ಲಿಸುತ್ತೇನೆ. ಮಂಡಿನೋವಿನವರು ಕುರ್ಚಿಯ ಬೆನ್ನು ಹಿಡಿದುಕೊಂಡರಾಯಿತು. ಅರ್ಧ ಮತ್ಸ್ಯೇಂದ್ರಾಸನ, ಮಂಡೂಕಾಸನವನ್ನೂ ಮಾಡಿಸುತ್ತೇನೆ, ಬೆನ್ನಿಗೆ ಒಳ್ಳೆಯದು. ಆದರೆ ಹೊಟ್ಟೆ ಒತ್ತಿದರೆ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಸುರಿಯುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸುಮ್ನೆ ಆಸೆ ಹುಟ್ಟಿಸಬಾರದು.

ಕಣ್ಣಿನ ರೆಟಿನಾಗೆ ತೊಂದರೆಯಾದವರಿಗೆ ಸರ್ವಾಂಗಾಸನ, ಹಲಾಸನ ಬೇಡವೇ ಬೇಡ, ಜೋರಿನ ಕಪಾಲಭಾತಿಯೂ ಬೇಡ. ತಲೆ ಕೆಳಗೆ ಹಾಕಿದರೆ, ಉಸಿರು ಬಿಗಿಹಿಡಿದು ಮುಕ್ಕಿದರೆ ಕಣ್ಣಿನ ಒತ್ತಡ ಏರುತ್ತದೆ. ಪಾದದ ಸ್ಪರ್ಶ ಕಡಿಮೆಯಾದವರು ಚಾಪೆಯಿಂದ ಎದ್ದ ಮೇಲೆ ಅಂಗಾಲು ತಿರುಗಿಸಿ ನೋಡಿಕೊಳ್ಳಬೇಕು. ಗಾಯ ಆದದ್ದೇ ಅವರಿಗೆ ಗೊತ್ತಾಗುವುದಿಲ್ಲ.

ಶವಾಸನ ಬಿಟ್ಟು ಓಡುವವರನ್ನು ನಾನು ಬಾಗಿಲಲ್ಲೇ ತಡೆಯುತ್ತೇನೆ. ಚಿಂತೆ ಜಾಸ್ತಿಯಾದರೆ, ನಿದ್ದೆಗೆಟ್ಟರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ, ಅದರ ಹಿಂದೆ ಶುಗರ್ ಕೂಡ. ಗಲ್ಫ್‌ನಲ್ಲಿರುವ ಮಗನ ಕೆಲಸದ ಚಿಂತೆಯಲ್ಲಿ ರಾತ್ರಿಯಿಡೀ ಹೊರಳಾಡುವವರಿಗೆ ನಾನು ಕೊಡಬಹುದಾದದ್ದು ಈ ಹತ್ತು ನಿಮಿಷ.

ಊಟದ ವಿಷಯದಲ್ಲಿ ನನ್ನದು ಒಂದೇ ಜಗಳ. ಕುಚ್ಚಲಕ್ಕಿ ಎಂದು ಬಟ್ಟಲು ತುಂಬಾ ಗಂಜಿ ಉಂಡರೆ ಶುಗರ್ ಏರದೆ ಇರುತ್ತದಾ? ಬಟ್ಟಲು ಸಣ್ಣದಿರಲಿ, ಪಕ್ಕದಲ್ಲಿ ಬಸಳೆಯೋ ಬಂಗುಡೆಯೋ ಇರಲಿ. ರಾತ್ರಿ ಉಂಡ ಮೇಲೆ ಅಂಗಳದಲ್ಲೇ ಆದರೂ ಸ್ವಲ್ಪ ನಡೆಯಲಿ.

"ಮಾತ್ರೆ ಬಿಡಬಹುದಾ ಟೀಚರ್?" ಎಲ್ಲರೂ ಕೇಳುವುದು ಇದನ್ನೇ. ಅದು ನನ್ನ ಕೈಯಲ್ಲಿಲ್ಲ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಶುಗರ್‌ನ ಸರಾಸರಿ. ಅಷ್ಟು ಕಾಲ ಬಿಡದೆ ಮಾಡಿ, ಪರೀಕ್ಷೆ ಮಾಡಿಸಿ, ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋಗಿ ಎನ್ನುತ್ತೇನೆ. ಉರ್ವದ ಒಬ್ಬರಿಗೆ ಡಾಕ್ಟರೇ ಮಾತ್ರೆ ಅರ್ಧ ಮಾಡಿದರು. ಅವರ ಪಕ್ಕದ ಚಾಪೆಯವರಿಗೆ ಇನ್ಸುಲಿನ್ ಹಾಗೇ ಉಂಟು. ಇಬ್ಬರೂ ಈಗಲೂ ಬರುತ್ತಿದ್ದಾರೆ.