ಕ್ರೋಶಾ ಕಡ್ಡಿ ಹಿಡಿದು ಹೆಬ್ಬೆರಳು ನೋಯ್ತಿದೆಯಾ? ದೋಸೆ ಸಟ್ಟುಗ ನೆನಪಿಸಿಕೊಳ್ಳಿ

ಪುನರ್ವಸು ಮಳೆ ಹೊಡೆಯುವಾಗ ನಮ್ಮ ತೀರ್ಥಹಳ್ಳಿ ಕಡೆ ಜಗಲಿ ಬಿಟ್ಟು ಇಳಿಯುವ ಹಾಗಿಲ್ಲ, ಅದಕ್ಕೇ ಹೋದ ವರ್ಷ ಸೀರೆಗೆ ಕ್ರೋಶಾ ಕುಚ್ಚು ಹಾಕೋಣ ಅಂತ ಕೂತೆ. ಎರಡು ಸೀರೆ ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡ ನೋಯತೊಡಗಿತು, ಕಡ್ಡಿ ಒತ್ತಿದ ಕಡೆ ಕೆಂಪು ಗೀರು ಬೇರೆ. ಕಡ್ಡಿಯನ್ನು ಬೈದೆ. ಆದರೆ ತಪ್ಪು ನಾನು ಹಿಡಿದ ರೀತಿಯದು.

ಕಡ್ಡಿಯನ್ನೊಮ್ಮೆ ಸರಿಯಾಗಿ ನೋಡಿ. ತುದಿಯಲ್ಲಿ ಕೊಕ್ಕೆ, ಅದರ ಕೆಳಗೆ ಸಪೂರ ಕುತ್ತಿಗೆ, ಆಮೇಲೆ ದಪ್ಪ ಭಾಗ, ನಡುವೆ ಒಂದು ಚಪ್ಪಟೆ ಜಾಗ. ಎಷ್ಟೋ ಕಡ್ಡಿಗಳಲ್ಲಿ ಅಳತೆಯ ನಂಬರ್ ಅಲ್ಲೇ ಒತ್ತಿರುತ್ತಾರೆ, ಅದು ನಂಬರಿಗೆ ಅಂತಲೇ ಬಿಟ್ಟ ಜಾಗ ಅಂದುಕೊಂಡಿದ್ದೆ ನಾನು! ಹೆಬ್ಬೆರಳು ಕೂರಬೇಕಾದದ್ದು ಅಲ್ಲಿ. ಕೊಕ್ಕೆಯ ಬಾಯಿ ನಿಮ್ಮ ಕಡೆಗೆ, ಸ್ವಲ್ಪ ಕೆಳಗೆ ತಿರುಗಿರಲಿ.

ಪೆನ್ಸಿಲ್ ಹಿಡಿದ ಹಾಗೆ ಹಿಡಿಯುವುದು ಒಂದು ರೀತಿ. ಕುಚ್ಚಿಗೆ, 1 ಮಿ.ಮೀ. ಆಸುಪಾಸಿನ ಸ್ಟೀಲ್ ಕಡ್ಡಿಗೆ ಅದು ಸಲೀಸು. ಇನ್ನೊಂದನ್ನು ಚಾಕು ಹಿಡಿತ ಅಂತಾರೆ. ಮೆಟ್ಟುಗತ್ತಿಯಲ್ಲಿ ತರಕಾರಿ ಹೆಚ್ಚಿ ಬೆಳೆದ ನನಗೆ ಅದು ಅರ್ಥವಾಗಲೇ ಇಲ್ಲ, ಅಲ್ಲಿ ಕತ್ತಿ ಕಾಲಡಿ ಇರುತ್ತೆ, ಕೈಯಲ್ಲಿರುವುದು ಬದನೆಕಾಯಿ ಅಲ್ವಾ? ದೋಸೆ ಮಗುಚುವ ಸಟ್ಟುಗ ಅಂದುಕೊಂಡ ಮೇಲೆ ಸರಿಹೋಯಿತು. ಹಿಡಿ ಅಂಗೈ ಕೆಳಗೆ, ಹೆಬ್ಬೆರಳು, ನಡುಬೆರಳು ಚಪ್ಪಟೆ ಜಾಗದ ಆಚೀಚೆ, ತೋರುಬೆರಳು ಮೇಲೆ ಸುಮ್ನೆ ಮಲಗಿರಲಿ. 4 ಮಿ.ಮೀ. ಕಡ್ಡಿಯಲ್ಲಿ ಉಲ್ಲನ್ ಹೆಣೆಯುವಾಗ ನನಗೆ ಇದೇ ಹಿತ, ಬೆರಳಿಗೆ ಕೆಲಸ ಕಡಿಮೆ.

ಆದರೂ ನೋವು ಹೋಗದಿದ್ದರೆ ಎಡಗೈ ನೋಡಿ. ದಾರವನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ ತೋರುಬೆರಳ ಮೇಲೆ ತನ್ನಿ, ಬಿಗಿ ಕಾಯುವುದು ಆ ಕೈಯ ಕೆಲಸ. ಅದು ಕಾಯದಿದ್ದರೆ ಬಲಗೈ ಕಡ್ಡಿಯನ್ನು ಅಮುಕಿ ಹಿಡಿಯುತ್ತದೆ. ಕುಣಿಕೆಯನ್ನು ಕುತ್ತಿಗೆಯಲ್ಲೇ ಬಿಗಿಯಬೇಡಿ, ದಪ್ಪ ಭಾಗಕ್ಕೆ ಜಾರಿಸಿ, ಆಗ ಮುಂದಿನ ಹೊಲಿಗೆಗೆ ಕೊಕ್ಕೆ ತೂರಿಸಲು ಗುದ್ದಾಡಬೇಕಿಲ್ಲ.

ಕಡ್ಡಿ ತೀರಾ ಸಪೂರ ಅನ್ನಿಸಿದರೆ ಮಕ್ಕಳ ಪೆನ್ಸಿಲಿಗೆ ಹಾಕುವ ರಬ್ಬರ್ ಗ್ರಿಪ್ ತೊಡಿಸಿ, ಇಲ್ಲವೇ ಹಳೇ ಪಂಚೆಯ ಪಟ್ಟಿ ಸುತ್ತಿ ದಾರ ಕಟ್ಟಿ. ದುಬಾರಿ ಹಿಡಿಯ ಕಡ್ಡಿ ಆಮೇಲೆ ನೋಡಿದರಾಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಳಗಿಟ್ಟು ಕೈ ಬಿಡಿಸಿ. ಬೆರಳು ಜೋಮು ಹಿಡಿದು ಬಿಡದೇ ಇದ್ದರೆ ಡಾಕ್ಟರ ಹತ್ತಿರ ಹೋಗಿ, ಕುಚ್ಚು ಕಾಯುತ್ತೆ.

ನಮ್ಮ ಮಳೆಗೆ ಸ್ಟೀಲ್ ಕಡ್ಡಿಗೂ ತುಕ್ಕು ಬರಬಹುದು. ಒರೆಸಿ ಡಬ್ಬಿಗೆ ಹಾಕಿಡಿ, ಕೊಕ್ಕೆ ಸ್ವಲ್ಪ ದೊರಗಾದರೂ ರೇಷ್ಮೆ ದಾರದ ಎಳೆ ಕೀಳುತ್ತದೆ.