ಅಭ್ಯರ್ಥಿಯ ಪರವಾಗಿ ಬೂತ್ ಏಜೆಂಟಾಗಿ ಕೂರುವವರಿಗೆ

ಮತದಾನಕ್ಕೆ ಒಂದೂವರೆ ಗಂಟೆ ಮುಂಚೆಯೇ ಬೂತಿನಲ್ಲಿರಿ. ಕಾಫಿ ಆಮೇಲೆ ಕುಡಿದರಾಯ್ತು. ಯಂತ್ರ ಪರೀಕ್ಷಿಸಲು ಮೊದಲು ನಡೆಸುವ ಅಣಕು ಮತದಾನದಲ್ಲಿ ನೋಟಾ ಸೇರಿ ಕನಿಷ್ಠ 50 ಮತ ಬೀಳಬೇಕು. ನಾನು ಒಂದೊಂದು ಮತಕ್ಕೂ ಹಾಳೆಯಲ್ಲಿ ಗೀಟು ಎಳೆದು, ಮತ ದಾಖಲಿಸುವ ಕಂಟ್ರೋಲ್ ಯೂನಿಟ್ಟಿನ ಲೆಕ್ಕಕ್ಕೂ, ಹಾಕಿದ ಮತವನ್ನು ಮುದ್ರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳಿಗೂ ತಾಳೆ ನೋಡುತ್ತೇನೆ. ಆಮೇಲೆ ಅಣಕು ಮತ ಅಳಿಸಲು ‘ಕ್ಲಿಯರ್’ ಒತ್ತಿಸಿ, ವಿವಿಪ್ಯಾಟ್ ಡಬ್ಬಿಯಿಂದ ಅಣಕು ಚೀಟಿಗಳನ್ನೆಲ್ಲ ತೆಗೆಸಿ. ಒಮ್ಮೆ ‘ಕ್ಲಿಯರ್’ ಮರೆತೇಬಿಟ್ಟಿದ್ದರು. ಮೊದಲ ಮತದಾರರು ಬಾಗಿಲಿಗೆ ಬಂದಾಗಿತ್ತು, ನಾನೇ ಕೂಗಿ ನಿಲ್ಲಿಸಿದೆ.

ಸಂಜೆ, ಬೂತಿನಲ್ಲಿ ಬಿದ್ದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಕೈಗೆ ಬರುವವರೆಗೆ ಏಳಬೇಡಿ. ಎಣಿಕೆಯ ದಿನ ಯಂತ್ರದ ನಂಬರು, ಸೀಲು, ಒಟ್ಟು ಮತ ಎಲ್ಲವೂ ಅದಕ್ಕೆ ಹೊಂದಬೇಕು. ವಿಧಾನಸಭಾ ಕ್ಷೇತ್ರಕ್ಕೆ 5 ಬೂತುಗಳನ್ನು ಲಾಟರಿಯಲ್ಲಿ ಆರಿಸಿ ಅವುಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸುತ್ತಾರೆ, ಊಟಕ್ಕೆ ಹೋಗಬೇಡಿ. ಮರುಎಣಿಕೆ ಬೇಕಿದ್ದರೆ, ಫಲಿತಾಂಶ ಘೋಷಿಸುವ ಮೊದಲೇ ಕಾರಣ ಬರೆದುಕೊಡಬೇಕು.