ಮೇಸ್ತ್ರಿಗಳ ವಾಯ್ಸ್ ಮೆಸೇಜಿನಿಂದ ಪಿಎಚ್‌ಡಿ: ನನ್ನ ಅನುಭವ

ಕಳೆದ ವರ್ಷ ನನ್ನ ಪಿಎಚ್‌ಡಿ ವೈವಾ (ಕೊನೆಯ ಮೌಖಿಕ ಪರೀಕ್ಷೆ) ಮುಗಿಯಿತು. ವಿಷಯ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್. ಮಳೆಗಾಲಕ್ಕೆ ಮೊದಲು ಮುಗಿಯಬೇಕಾದ ಮನೆ ಕೆಲಸಗಳು ನಮ್ಮ ಕಾಸರಗೋಡು ಕಡೆ ಯಾಕೆ ತಡವಾಗುತ್ತವೆ ಎಂಬುದು ನಾನು ಹಿಡಿದ ಪ್ರಶ್ನೆ. ಸೈಟ್ ಇಂಜಿನಿಯರ್ ಕೆಲಸ ಬಿಡದೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಎಂದು ಓಡಾಡುತ್ತಲೇ ಪಾರ್ಟ್ ಟೈಮ್ ಆಗಿ ಮಾಡಿದೆ. ಮೇಸ್ತ್ರಿಗಳ ವಾಟ್ಸಾಪ್ ವಾಯ್ಸ್ ಮೆಸೇಜನ್ನೇ ಡಾಟಾ ಆಗಿ ಬಳಸುತ್ತೇನೆ ಎಂದಾಗ ಗೈಡ್ ಹಿಂದೇಟು ಹಾಕಿದರು. ಸಲಹಾ ಸಮಿತಿಯ ಒಬ್ಬರು ನೇರವಾಗಿ ಬೇಡ ಎಂದರು. ಜೊತೆಗೆ ಎಂ.ಟೆಕ್ ಮಾಡಿದ ಗೆಳೆಯರು, "ಸುಮ್ನೆ ಎರಡು ವರ್ಷ ಹಾಳು ಮಾಡ್ತೀಯ" ಎಂದರು. ಕೊನೆಗೆ ಗೆದ್ದದ್ದು ಅದೇ ದಾರಿ. ಸೈಟಿನಲ್ಲಿದ್ದುಕೊಂಡೇ ಪಿಎಚ್‌ಡಿಗೆ ಇಳಿದವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಸೇರಿದ್ದು 2019ರಲ್ಲಿ. ವಿಶ್ವವಿದ್ಯಾಲಯ ಗಡಿಯ ಆಚೆ, ಕರ್ನಾಟಕದಲ್ಲಿ. ಕೋರ್ಸ್ ವರ್ಕ್ ಅರ್ಧದಲ್ಲಿದ್ದಾಗ ಕೊರೋನಾ ಬಂತು, ತಲಪಾಡಿ ಗಡಿ ಮುಚ್ಚಿತು. 2021ರಲ್ಲಿ ದಾಟಬೇಕಾದರೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಬೇಕು. ಗೈಡನ್ನು ಒಮ್ಮೆ ನೋಡಿ ಬರಲು ಮೊದಲು ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕಿತ್ತು. ಆ ಎರಡು ವರ್ಷ ಓದಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಆಮೇಲೆ ಎಲ್ಲರೂ ಮಾಡುವ ಪ್ರಶ್ನಾವಳಿ. ತಡಕ್ಕೆ ಐವತ್ತರ ಹತ್ತಿರ ಕಾರಣಗಳು, ಒಂದರಿಂದ ಐದರವರೆಗೆ ಅಂಕ, ಕೊನೆಗೆ ಆರ್‌ಐಐ (ಯಾವ ಕಾರಣಕ್ಕೆ ಎಷ್ಟು ಮಹತ್ವ ಎಂದು ತೋರಿಸುವ ಸೂಚ್ಯಂಕ) ಲೆಕ್ಕ ಹಾಕಿ ರ‍್ಯಾಂಕ್. ಕನ್ನಡ, ಮಲಯಾಳ, ಹಿಂದಿ ಮೂರರಲ್ಲೂ ಪ್ರಿಂಟ್ ಹಾಕಿಸಿದೆ. ಮುನ್ನೂರರ ಮೇಲೆ ಹಂಚಿದೆ, ವಾಪಸ್ ಬಂದದ್ದು ನೂರಕ್ಕಿಂತ ಸ್ವಲ್ಪ ಜಾಸ್ತಿ. ತೆರೆದು ನೋಡಿದರೆ ಒಬ್ಬರು ಮೇಲಿಂದ ಕೆಳಗಿನವರೆಗೆ ನಾಲ್ಕನ್ನೇ ಗುರುತು ಮಾಡಿದ್ದಾರೆ, ಇನ್ನೊಬ್ಬರು ಮೂರನ್ನೇ. ಕ್ರಾನ್‌ಬಾಕ್ ಆಲ್ಫಾ, ಅಂದರೆ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ, 0.9 ದಾಟಿತು. ಆಲ್ಫಾ 0.7 ದಾಟಿದರೆ ಸಾಕು ಎಂದು ನಾವೆಲ್ಲ ಖುಷಿಪಡುತ್ತೇವೆ, ಅಲ್ವಾ? ಆದರೆ ಪ್ರತಿಯೊಬ್ಬರೂ ತಮ್ಮ ಒಂದೇ ಉತ್ತರವನ್ನು ಎಲ್ಲ ಸಾಲಿಗೂ ಕೊಟ್ಟರೆ ಆಲ್ಫಾ ತಾನಾಗಿ ಏರುತ್ತದೆ. ರ‍್ಯಾಂಕಿನಲ್ಲಿ ಮೊದಲು ಬಂದದ್ದು ಮಳೆ. ಕಾಸರಗೋಡಿನಲ್ಲಿ ತಡಕ್ಕೆ ಮಳೆ ಕಾರಣ ಎಂದು ಹೇಳಲು ಪಿಎಚ್‌ಡಿ ಬೇಕಾ? ಪ್ರಿಂಟು, ಪೆಟ್ರೋಲು, ಚಹಾ ಎಲ್ಲ ಸೇರಿ ಇಪ್ಪತ್ತೈದು ಸಾವಿರದಷ್ಟು ಅಲ್ಲಿಗೆ ಹೋಯಿತು.

ಪ್ರಿಮಾವೆರಾ ಎಂಬ ಪ್ಲಾನಿಂಗ್ ಸಾಫ್ಟ್‌ವೇರಿನಲ್ಲಿ ಐದಾರು ಮನೆಗಳ ಶೆಡ್ಯೂಲ್ ಹಾಕಿಯೂ ನೋಡಿದೆ. ಮನೆ ಯಜಮಾನರು ಗಲ್ಫಿನಿಂದ ಫೋನ್ ಮಾಡಿ ಒಂದು ರೂಮ್ ಜಾಸ್ತಿ ಮಾಡಿ ಎಂದರೆ ಇಡೀ ಶೆಡ್ಯೂಲ್ ಬದಲಾಗುತ್ತದೆ. ದೊಡ್ಡ ಪ್ರಾಜೆಕ್ಟಿಗೆ ಅದು ಸರಿ, ನಮ್ಮ ಒಂದೂವರೆ ಸಾವಿರ ಚದರಡಿಯ ಮನೆಗಳಿಗೆ ಹೊಂದಲಿಲ್ಲ.

ದಾರಿ ಸಿಕ್ಕಿದ್ದು ಶನಿವಾರದ ಬಟವಾಡೆಯಲ್ಲಿ. ಹಾಜರಿ ಪುಸ್ತಕ ಎದುರಿಗಿಟ್ಟು ದುಡ್ಡು ಲೆಕ್ಕ ಮಾಡುವಾಗ ಮೇಸ್ತ್ರಿ ತಾನಾಗಿಯೇ ಹೇಳುತ್ತಾನೆ: ಮಂಗಳವಾರ ಕಲ್ಲು ಬರಲಿಲ್ಲ, ಬುಧವಾರ ಇಬ್ಬರು ಬೇರೆ ಸೈಟಿಗೆ ಹೋದರು, ಗುರುವಾರ ಕರೆಂಟು ಇರಲಿಲ್ಲ. ಪ್ರಶ್ನಾವಳಿಯಲ್ಲಿ ಸಿಗದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಹಾಗಾಗಿ ಒಂದು ಕ್ರಮ ಮಾಡಿದೆ. ಪ್ರತಿ ಶನಿವಾರ ಸಂಜೆ ಮೇಸ್ತ್ರಿ ಒಂದು ವಾಯ್ಸ್ ಮೆಸೇಜ್ ಕಳಿಸಬೇಕು. ಮುಂದಿನ ವಾರ ಮುಗಿಸುವ ನಾಲ್ಕೈದು ಕೆಲಸ, ಕಳೆದ ವಾರ ಹೇಳಿದ್ದರಲ್ಲಿ ಮುಗಿದದ್ದು, ಮುಗಿಯದ್ದಕ್ಕೆ ಒಂದೇ ಒಂದು ಕಾರಣ. ತುಳು, ಮಲಯಾಳ, ಕನ್ನಡ, ಹಿಂದಿ, ಯಾವ ಭಾಷೆಯಾದರೂ ಆಗಬಹುದು. ಬಲ್ಲಾರ್ಡ್, ಹೋವೆಲ್ ಎಂಬ ಸಂಶೋಧಕರ ಲಾಸ್ಟ್ ಪ್ಲಾನರ್ (ಸೈಟಿನಲ್ಲಿ ಕೆಲಸ ಮಾಡಿಸುವವರೇ ವಾರದ ಯೋಜನೆ ಹಾಕುವ ಪದ್ಧತಿ) ಗೊತ್ತಿದ್ದವರಿಗೆ ಇದು ಪಿಪಿಸಿ (ಪರ್ಸೆಂಟ್ ಪ್ಲಾನ್ ಕಂಪ್ಲೀಟ್) ಲೆಕ್ಕ ಎಂದು ಕೂಡಲೇ ತಿಳಿಯುತ್ತದೆ. ಹೇಳಿದ ಕೆಲಸಗಳಲ್ಲಿ ಶೇಕಡಾ ಎಷ್ಟು ಮುಗಿಯಿತು ಎಂಬುದಷ್ಟೇ. ಹತ್ತಕ್ಕೂ ಹೆಚ್ಚು ಸೈಟು, ಮೂರು ಸೀಸನ್. ಸಾವಿರದ ಹತ್ತಿರ ಮೆಸೇಜ್ ಕೂಡಿತು.

ಮೇಸ್ತ್ರಿಗಳು ತಪ್ಪದೆ ಕಳಿಸುವಂತೆ ಮಾಡಿದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ತಿಂಗಳಿಗೆ ಒಂದು ರೀಚಾರ್ಜ್ ಹಾಕಿಸುತ್ತಿದ್ದೆ, ಅದು ನಿಜ. ಅದರಿಂದ ಮಾತ್ರ ಆಗುವುದಿಲ್ಲ. ಇನ್ನೊಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸಮಿತಿಯ ತಕರಾರು ಒಂದೇ: ಇದು ಡಾಟಾ ಅಲ್ಲ, ಹರಟೆ. ಕಾರಣವನ್ನು ನೀವೇ ಕೇಳಿ ನೀವೇ ಗುಂಪು ಮಾಡಿದರೆ ನಂಬುವುದು ಹೇಗೆ? ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಲು ಆರು ತಿಂಗಳು ಹಿಡಿಯಿತು. ನಮ್ಮ ಭಾಷೆಗಳೆಲ್ಲ ಗೊತ್ತಿರುವ, ಆದರೆ ನನ್ನ ಸೈಟುಗಳ ಪರಿಚಯವಿಲ್ಲದ ಒಬ್ಬ ಇಂಜಿನಿಯರ್‌ಗೆ ಸುಮಾರು ಇನ್ನೂರು ಮೆಸೇಜ್ ಕೊಟ್ಟೆ. ಅವರು ತಾವಾಗಿ ಕೇಳಿ ಗುಂಪು ಮಾಡಿದರು. ಇಬ್ಬರ ಉತ್ತರ ಹೋಲಿಸಿ ಕೋಹೆನ್ ಕಪ್ಪಾ (ಇಬ್ಬರ ವಿಂಗಡಣೆ ಎಷ್ಟು ಹೊಂದುತ್ತದೆ ಎಂಬ ಅಳತೆ, 1 ಎಂದರೆ ಪೂರ್ತಿ ಹೊಂದಿಕೆ) ತೆಗೆದಾಗ 0.8ರ ಮೇಲೆ ಬಂತು. ಜೊತೆಗೆ ಹಾಜರಿ ಪುಸ್ತಕ, ಕಲ್ಲು ಇಳಿಸಿದ ಬಿಲ್ಲು, ಮೆಸೇಜ್ ಮೂರನ್ನೂ ತಾರೀಖಿನ ಪ್ರಕಾರ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಅವತ್ತಿನಿಂದ ಬೇಡ ಎಂದವರೇ ಚೆನ್ನಾಗಿದೆ ಎಂದು ಸಹಿ ಹಾಕಿದರು. ಆ ಭಾಗದ ಬಗ್ಗೆ ನನಗೆ ಹೆಮ್ಮೆಯಿದೆ.

ಈಗ ಫಲಿತಾಂಶ. ನಮ್ಮ ಕಡೆ ಪ್ರತಿಯೊಬ್ಬ ಮೇಸ್ತ್ರಿಗೂ ಗಡುವು ಪತ್ತನಾಜೆ, ಅಂದರೆ ತುಳುವರು ಮಳೆಗಾಲದ ಆರಂಭ ಎಂದು ಎಣಿಸುವ ದಿನ. ಮೇ 24ರ ಆಸುಪಾಸು. ಅದರೊಳಗೆ ಸ್ಲಾಬ್ (ತಾರಸಿಯ ಕಾಂಕ್ರೀಟ್) ಹಾಕಿ ಆಗಬೇಕು. ಸಾಧಾರಣ ವಾರದಲ್ಲಿ ಐವತ್ತೈದರ ಸುತ್ತ ಇರುತ್ತಿದ್ದ ಪಿಪಿಸಿ ಪತ್ತನಾಜೆಗೆ ಮೊದಲ ಮೂರು ನಾಲ್ಕು ವಾರ ನಲವತ್ತಕ್ಕೆ ಇಳಿಯುತ್ತಿತ್ತು. ಮಳೆಗಾಲ ಇನ್ನೂ ಬಂದೇ ಇರುವುದಿಲ್ಲ! ಮುಗಿಯದ ಕೆಲಸಗಳಲ್ಲಿ ಮಳೆ ಕಾರಣ ಎಂದದ್ದು ಹತ್ತರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಎಲ್ಲರೂ ಒಂದೇ ಸಲ ಸ್ಲಾಬಿಗೆ ಹೊರಡುವುದರಿಂದ ಸೆಂಟ್ರಿಂಗ್ ಶೀಟು (ಕಾಂಕ್ರೀಟ್ ಹಾಕಲು ಕೆಳಗೆ ಕೊಡುವ ತಗಡು), ಜಲ್ಲಿ, ಕಂಬಿ ಕಟ್ಟುವವರು, ಮಿಕ್ಸರ್ ಯಾವುದೂ ಸಿಗುವುದಿಲ್ಲ. ಮಳೆಯ ಹೆದರಿಕೆಯಿಂದ ಆಗುವ ತಡ ಮಳೆಯಿಂದ ಆಗುವ ತಡಕ್ಕಿಂತ ದೊಡ್ಡದು. ನನ್ನ ಥೀಸಿಸ್ ನಿಂತಿರುವುದು ಈ ಒಂದು ಮಾತಿನ ಮೇಲೆ.

ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಆರು ಪಥದ ಹೆದ್ದಾರಿ ಕೆಲಸ ಜೋರಾಗಿದ್ದಾಗ ಟಿಪ್ಪರ್ ಸಿಗುತ್ತಿಲ್ಲ ಎಂಬ ಮಾತು ಮೆಸೇಜುಗಳಲ್ಲಿ ಪದೇ ಪದೇ ಬಂತು. 2024ರ ಲೋಕಸಭೆ ಚುನಾವಣೆ ಇನ್ನೊಂದು. ಪಶ್ಚಿಮ ಬಂಗಾಳದಲ್ಲಿ ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತದಲ್ಲಿ ಮತದಾನ. ನಮ್ಮ ಬಂಗಾಳಿ ಕೆಲಸಗಾರರು ಓಟಿಗೆ ಹೋದದ್ದು ಸರಿಯಾಗಿ ನಮ್ಮ ಸ್ಲಾಬಿನ ವಾರಗಳಲ್ಲಿ. ಇದು ಯಾವ ಪ್ರಶ್ನಾವಳಿಯಲ್ಲೂ ಇರುವುದಿಲ್ಲ. ಮರು ವರ್ಷ ನಮ್ಮ ಮೂರು ಸೈಟುಗಳ ಸ್ಲಾಬನ್ನು ಏಪ್ರಿಲ್ ಮೊದಲ ವಾರಕ್ಕೆ ತಂದು, ಶೀಟು ಬಾಡಿಗೆಗೆ ಫೆಬ್ರವರಿಯಲ್ಲೇ ಮುಂಗಡ ಕೊಡಿಸಿದೆ. ಪಿಪಿಸಿ ಎಪ್ಪತ್ತು ದಾಟಿತು. ನಮ್ಮ ಧಣಿಗಳು ಪಿಎಚ್‌ಡಿ ಬಗ್ಗೆ ಮಾತನಾಡಿದ್ದು ಆಗಲೇ, ಮೊದಲ ಸಲ.

ನಡುವೆ ಒಂದು ಬೇರೆ ಹುಚ್ಚು ಹಿಡಿಯಿತು. ಕೆಂಪುಕಲ್ಲು ಎಷ್ಟು ನೀರು ಕುಡಿಯುತ್ತದೆ ಎಂದು ನೋಡತೊಡಗಿದೆ. ಕೆಂಪುಕಲ್ಲಿನ ಭಾರತೀಯ ಮಾನಕ ಐಎಸ್ 3620 ಪ್ರಕಾರ ಶೇ 12ಕ್ಕಿಂತ ಜಾಸ್ತಿ ಕುಡಿಯಬಾರದು. ನಾಲ್ಕೈದು ಕೋರೆಗಳ ಕಲ್ಲನ್ನು ಒಣಗಿಸಿ ತೂಗಿ, ಒಂದು ದಿನ ನೀರಲ್ಲಿಟ್ಟು ಮತ್ತೆ ತೂಗಿದೆ. ಮೇಲಿನ ಪದರದ ಗಟ್ಟಿ ಕಲ್ಲು ಒಳಗೇ ನಿಂತಿತು. ಆಳದಿಂದ ತೆಗೆದ ಮೆತ್ತನೆಯವು ಕೆಲವು ಹದಿನೈದು ದಾಟಿದವು. ಥೀಸಿಸ್‌ಗೆ ಸಂಬಂಧವಿಲ್ಲ ಎಂದು ಗೈಡ್ ತೆಗೆಸಿದರು. ಆದರೆ ನಾನು ಈಗಲೂ ಲೋಡು ಬಂದಾಗ ಎರಡು ಕಲ್ಲು ಬಕೆಟಿಗೆ ಹಾಕಿ ನೋಡುತ್ತೇನೆ. ಸಾರಣೆ ಬಿರುಕು ಬಿಡುವುದು ಕಡಿಮೆಯಾಗಿದೆ.

ದುಡ್ಡಿನ ವಿಷಯ. ಫೀಸು ವರ್ಷಕ್ಕೆ ನಲವತ್ತು ಸಾವಿರದ ಅಂದಾಜು. ಓಡಾಟ, ಸಮ್ಮೇಳನ, ಬೈಂಡಿಂಗ್, ರೀಚಾರ್ಜ್, ಸಂಬಳವಿಲ್ಲದ ರಜೆ ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಹತ್ತಿರ ಆಗಿರಬೇಕು. ಒಂದು ಕಡೆ ಅನಾಲಿಸಿಸ್ ಮಾಡಿ ಅಧ್ಯಾಯವನ್ನೂ ಬರೆದುಕೊಡುತ್ತೇವೆ, ಅರುವತ್ತು ಸಾವಿರ ಕೊಡಿ ಎಂದರು. ಒಂದು ಜರ್ನಲ್ ಪೇಪರ್ ಕಳಿಸಿದ ಎರಡೇ ದಿನಕ್ಕೆ ಒಪ್ಪಿಗೆ ಕೊಟ್ಟು ಮೂವತ್ತೈದು ಸಾವಿರ ಕೇಳಿತು. ಎರಡಕ್ಕೂ ಒಂದು ರೂಪಾಯಿ ಕೊಡಲಿಲ್ಲ. 2022ರ ಯುಜಿಸಿ ನಿಯಮ ಪೇಪರ್ ಕಡ್ಡಾಯ ಎನ್ನುವುದಿಲ್ಲ. ಆದರೂ ನಮ್ಮಲ್ಲಿ ಎರಡು ಕೇಳುತ್ತಿದ್ದರು. ದುಡ್ಡು ಕೇಳದ ಜರ್ನಲಿನಲ್ಲಿ ಒಂದು ಪೇಪರ್ ಬರಲು ವರ್ಷದ ಮೇಲೆ ಕಾಯಬೇಕಾಯಿತು. ಕಾಯಿರಿ. ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ತೆಗೆದದ್ದು ಆ ಪೇಪರನ್ನೇ.

ಅವರ ಮುಖ್ಯ ಪ್ರಶ್ನೆ: ಇದು ನಿಮ್ಮ ಹತ್ತು ಹನ್ನೆರಡು ಸೈಟಿಗೆ ಸರಿ, ಬೇರೆ ಕಡೆ? ಜೂನ್ ಮಳೆ ಸುರಿಯುವ, ಚಿಕ್ಕ ಗುತ್ತಿಗೆಯಲ್ಲೇ ಮನೆ ಕಟ್ಟುವ ಕರಾವಳಿಗೆ ಮಾತ್ರ ಹೇಳುತ್ತೇನೆ, ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಹೇಳುವುದಿಲ್ಲ ಎಂದೆ. ಅವರಿಗೆ ಅದು ಹಿಡಿಸಿತು.

ವಾರದ ಲೆಕ್ಕದ ಎಕ್ಸೆಲ್ ಶೀಟನ್ನು ನಮ್ಮ ಕಡೆಯ ಯಾವ ಇಂಜಿನಿಯರ್ ಕೇಳಿದರೂ ಕೊಡುತ್ತಿದ್ದೇನೆ. ಕಾರಣಗಳನ್ನು ಗುಂಪು ಮಾಡುವ ಪಟ್ಟಿ ಮಾತ್ರ ಅದರಲ್ಲಿಲ್ಲ. ಅದರ ಪೇಪರ್ ಇನ್ನೂ ರಿವ್ಯೂನಲ್ಲಿದೆ. ಅಚ್ಚಾದ ಮೇಲೆ ಅದನ್ನೂ ಸೇರಿಸಿ ಕೊಡುತ್ತೇನೆ.